ಉದ್ಯಮಶೀಲನ ಮೂಲಧನ

'ದುಡ್ಡೇ ದೊಡ್ಡಪ್ಪ' ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಆದರೆ ಅದನ್ನು ಪೂರ್ತಿಯಾಗಿ ಹೇಳುವವರು ಕಡಮೆ. 'ದುಡ್ಡೇ ದೊಡ್ಡಪ್ಪ, ವಿದ್ಯೆ ಅವರಪ್ಪ' ಎಂದು ನಮ್ಮ ಹಿರಿಯರು ಅದನ್ನು ಮುಗಿಸಿದ್ದರು. ಮೊದಲರ್ಧವನ್ನು ಮಾತ್ರ ನೆನಪಿನಲ್ಲಿಟ್ಟುಕೊಂಡವರು, ಹಣವಿಲ್ಲದೆ ಯಾವ ಕೆಲಸವನ್ನೂ ಆರಂಭಿಸಲಾಗದು ಎಂದು ಭಾವಿಸಿ ಕೈಕಟ್ಟಿ ಕುಳಿತುಬಿಡುತ್ತಾರೆ. 'ನನ್ನ ಬಳಿ ಒಂದಿಷ್ಟು ಬಂಡವಾಳವಿದ್ದಿದ್ದರೆ ನಾನೂ ಏನಾದರೂ ಸಾಧಿಸುತ್ತಿದ್ದೆ' ಎಂಬ ಮಾತು ನಮ್ಮ ಊರುಗಳ ಜಗಲಿಗಳ ಮೇಲೆ ದಿನನಿತ್ಯವೂ ಕೇಳಿಬರುತ್ತದೆ. ಈ ಮಾತಿನಲ್ಲಿ ಸತ್ಯವೆಷ್ಟು, ನೆಪವೆಷ್ಟು ಎಂಬುದನ್ನು ವಿಚಾರಿಸಿ ನೋಡುವುದು ಉಚಿತ.

'ಉದ್ಯಮ' ಎಂಬ ಶಬ್ದಕ್ಕೆ ಇಂದು ನಾವು ಕಾರ್ಖಾನೆ, ವ್ಯಾಪಾರ ಎಂಬ ಅರ್ಥವನ್ನು ಹೇಳುತ್ತೇವೆ. ಸಂಸ್ಕೃತದಲ್ಲಿ ಅದರ ಮೂಲಾರ್ಥ ಪ್ರಯತ್ನ ಎಂಬುದು. ಒಂದು ಕೆಲಸಕ್ಕಾಗಿ ತನ್ನನ್ನು ತಾನು ಮೇಲಕ್ಕೆತ್ತಿಕೊಳ್ಳುವುದು ಎಂಬುದು. ಹಣದ ಸೂಚನೆ ಆ ಶಬ್ದದಲ್ಲಿ ಎಲ್ಲಿಯೂ ಇಲ್ಲ. ಹಾಗೆಂದು ಹಣವು ನಿಷ್ಪ್ರಯೋಜಕವೆಂದು ಹೇಳುವುದೂ ಸರಿಯಲ್ಲ. ಉದ್ಯಮದಲ್ಲಿ ಹಣವು ಯಾವ ಕೆಲಸವನ್ನು ಮಾಡುತ್ತದೆ ಎಂಬುದನ್ನು ಮೊದಲು ತಿಳಿದುಕೊಂಡರೆ, ಅದು ಇಲ್ಲದಿರುವಾಗ ಅದರ ಸ್ಥಾನವನ್ನು ಯಾವ ಗುಣಗಳು ತುಂಬಬಲ್ಲವು ಎಂಬುದು ತಾನಾಗಿಯೇ ಸ್ಪಷ್ಟವಾಗುತ್ತದೆ.

ಹಣವುಳ್ಳವನಿಗೆ ನಾಲ್ಕು ಅನುಕೂಲಗಳಿವೆ. ಮೊದಲನೆಯದಾಗಿ, ತನಗೆ ತಿಳಿಯದ ವಿದ್ಯೆಯನ್ನು ಅವನು ಸಂಬಳ ಕೊಟ್ಟು ತರಿಸಿಕೊಳ್ಳಬಲ್ಲನು. ಎರಡನೆಯದಾಗಿ, ಸರಕು ಕೂಡಲೇ ಮಾರಾಟವಾಗದಿದ್ದರೂ ಕೆಲವು ಕಾಲ ಕಾದಿರಬಲ್ಲನು. ಮೂರನೆಯದಾಗಿ, ಒಂದೆರಡು ತಪ್ಪುಗಳಾದರೂ ಅವುಗಳ ನಷ್ಟವನ್ನು ತಡೆದುಕೊಳ್ಳಬಲ್ಲನು. ನಾಲ್ಕನೆಯದಾಗಿ, ಅವನಿಗೆ ಸಾಲ ಕೊಡಲು ಜನರು ಹಿಂಜರಿಯುವುದಿಲ್ಲ. ಬಡವನಿಗೆ ಈ ನಾಲ್ಕೂ ಇಲ್ಲ. ಆದುದರಿಂದ ಅವನು ವಿದ್ಯೆಯನ್ನು ತಾನೇ ಕಲಿಯಬೇಕು. ಕಾಯುವ ಶಕ್ತಿಯನ್ನು ಸಹನೆಯಿಂದಲೂ ಮಿತವ್ಯಯದಿಂದಲೂ ಪಡೆಯಬೇಕು. ತಪ್ಪುಗಳು ಬೆಳೆಯುವ ಮೊದಲೇ ಅವುಗಳನ್ನು ಕಂಡುಹಿಡಿಯಲು ಲೆಕ್ಕಪತ್ರವನ್ನು ಚೊಕ್ಕಟವಾಗಿ ಇಡಬೇಕು. ತನ್ನ ನಡತೆಯಿಂದ ಇತರರ ನಂಬಿಕೆಯನ್ನು ಗಳಿಸಬೇಕು. ಈ ಗುಣಗಳು ಹೇಗೆ ಕೆಲಸಮಾಡುತ್ತವೆ ಎಂಬುದನ್ನು ಕೆಲವರ ಜೀವನದಿಂದ ನೋಡೋಣ.

ಲಕ್ಷ್ಮಣರಾವ್ ಕಿರ್ಲೋಸ್ಕರ್ ಅವರು 1869ನೆಯ ಇಸವಿ ಜೂನ್ 20ರಂದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಜನಿಸಿದರು. ಬಾಲ್ಯದಿಂದಲೂ ಅವರಿಗೆ ಎರಡು ಹುಚ್ಚುಗಳಿದ್ದವು. ಒಂದು ಚಿತ್ರಕಲೆ, ಮತ್ತೊಂದು ಯಂತ್ರಗಳು. ಚಿತ್ರಕಾರನಾಗಬೇಕೆಂದು ಅವರು ಮುಂಬಯಿಯ ಜೆ. ಜೆ. ಕಲಾಶಾಲೆಯನ್ನು ಸೇರಿದರು. ಆದರೆ ಅವರ ಕಣ್ಣುಗಳಿಗೆ ಕೆಲವು ಬಣ್ಣಗಳ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಬಣ್ಣಗುರುಡಿರುವವನು ವರ್ಣಚಿತ್ರಕಾರನಾಗುವುದು ಹೇಗೆ? ಹಂಬಲಿಸಿದ ದಾರಿ ಹೀಗೆ ನಡುವಿನಲ್ಲೇ ಮುಚ್ಚಿಹೋಯಿತು. ಆಗ ಅವರು ಬಣ್ಣದ ಅಗತ್ಯವಿಲ್ಲದ ಯಾಂತ್ರಿಕ ರೇಖಾಚಿತ್ರವನ್ನು ಕಲಿತು, ಮುಂಬಯಿಯ ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಅದೇ ವಿಷಯದ ಅಧ್ಯಾಪಕರಾದರು. ಪಾಠದ ಹೊತ್ತು ಮುಗಿದ ಮೇಲೆ ಅವರು ಸಂಸ್ಥೆಯ ಕಾರ್ಯಾಗಾರಕ್ಕೆ ಹೋಗಿ, ಯಂತ್ರಗಳನ್ನು ಬಿಚ್ಚುವುದನ್ನೂ ಜೋಡಿಸುವುದನ್ನೂ ತಮ್ಮ ಕೈಗಳಿಂದಲೇ ಮಾಡಿ ಕಲಿಯುತ್ತಿದ್ದರು. ಯಾವ ವಿದ್ಯೆಯನ್ನು ಹಣವಂತನು ಸಂಬಳ ಕೊಟ್ಟು ಪಡೆಯುವನೋ ಅದನ್ನು ಅವರು ಬಿಡುವಿನ ವೇಳೆಯನ್ನು ಕೊಟ್ಟು ಪಡೆದರು.

ಆ ದಿನಗಳಲ್ಲಿ ಸೈಕಲ್ಲು ನಮ್ಮ ದೇಶಕ್ಕೆ ಹೊಸ ವಸ್ತು. ಇದನ್ನು ಕಂಡ ಲಕ್ಷ್ಮಣರಾಯರಿಗೆ ಒಂದು ಉಪಾಯ ಹೊಳೆಯಿತು. 1888ರಲ್ಲಿ ಅವರೂ ಅವರ ಸೋದರ ರಾಮುವಣ್ಣನವರೂ ಸೇರಿ ಬೆಳಗಾವಿಯಲ್ಲಿ ಒಂದು ಪುಟ್ಟ ಸೈಕಲ್ ಅಂಗಡಿಯನ್ನು ತೆರೆದರು. ಸೈಕಲ್ಲನ್ನು ಮಾರುವುದರ ಜೊತೆಗೆ, ಕೊಂಡವರಿಗೆ ಅದರ ಸವಾರಿಯನ್ನು ಕಲಿಸುವುದು, ಕೆಟ್ಟುಹೋದರೆ ದುರಸ್ತಿ ಮಾಡಿಕೊಡುವುದು, ಎಲ್ಲವೂ ಆ ಅಂಗಡಿಯ ಕೆಲಸವೇ ಆಗಿತ್ತು. ಮುಂದೆ ಮುಂಬಯಿಯ ಸಂಸ್ಥೆಯಲ್ಲಿ ಅವರಿಗೆ ಸಲ್ಲಬೇಕಾಗಿದ್ದ ಬಡ್ತಿ ಒಬ್ಬ ಆಂಗ್ಲೋ-ಇಂಡಿಯನ್ ಅಭ್ಯರ್ಥಿಗೆ ಸಂದಿತು. ಸ್ವಾಭಿಮಾನಿಯಾದ ಲಕ್ಷ್ಮಣರಾಯರು ನೌಕರಿಯನ್ನು ಬಿಟ್ಟು ಬೆಳಗಾವಿಗೆ ಬಂದರು. ಸೈಕಲ್ ಅಂಗಡಿಯ ಪಕ್ಕದಲ್ಲಿ ಸಣ್ಣದೊಂದು ಕಾರ್ಯಾಗಾರ ತಲೆಯೆತ್ತಿತು.

ಸುತ್ತಲಿನವರೆಲ್ಲರೂ ರೈತರು. ಅವರಿಗೆ ಬೇಕಾದ ವಸ್ತು ಯಾವುದು? ಈ ಪ್ರಶ್ನೆಯನ್ನು ಕೇಳಿಕೊಂಡು ಲಕ್ಷ್ಮಣರಾಯರು ಮೊದಲು ಮೇವು ಕತ್ತರಿಸುವ ಯಂತ್ರವನ್ನು, ಅನಂತರ 1903ರ ಸುಮಾರಿಗೆ ಕಬ್ಬಿಣದ ನೇಗಿಲನ್ನು ತಯಾರಿಸಿದರು. ಮರದ ನೇಗಿಲು ನೆಲವನ್ನು ಗೀರುತ್ತದೆ. ಕಬ್ಬಿಣದ ನೇಗಿಲು ಆಳಕ್ಕಿಳಿದು ಮಣ್ಣನ್ನು ಮಗುಚುತ್ತದೆ. ಇದರ ಪ್ರಯೋಜನ ಕಣ್ಣಿಗೆ ಕಾಣುವಂಥದು. ಆದರೂ ಕೊಳ್ಳುವವರು ಬರಲಿಲ್ಲ. ಕಬ್ಬಿಣ ತಾಕಿದರೆ ಭೂಮಿಗೆ ವಿಷವೇರುವುದೆಂದು ರೈತರು ನಂಬಿದ್ದರು. ಮೊದಲನೆಯ ನೇಗಿಲು ಮಾರಾಟವಾಗಲು ಎರಡು ವರ್ಷಗಳು ಹಿಡಿದವೆಂದು ಹೇಳುತ್ತಾರೆ.

ಈ ಎರಡು ವರ್ಷಗಳನ್ನು ಕುರಿತು ನಾವು ಸ್ವಲ್ಪ ಯೋಚಿಸಬೇಕು. ಕಬ್ಬಿಣಕ್ಕೆ ಹಾಕಿದ ಹಣ ನೇಗಿಲಿನ ರೂಪದಲ್ಲಿ ಮೂಲೆಯಲ್ಲಿ ಬಿದ್ದಿದೆ. ಮನೆಯ ಖರ್ಚು ನಿಲ್ಲುವುದಿಲ್ಲ. ಕೆಲಸಗಾರರಿಗೆ ಕೂಲಿ ಸಲ್ಲಬೇಕು. ಇಂಥ ಸ್ಥಿತಿಯಲ್ಲಿ ಮನುಷ್ಯನಿಗೆ ಎರಡು ಬಗೆಯ ಆಲೋಚನೆಗಳು ಬರುತ್ತವೆ. 'ಈ ಜನ ಅಜ್ಞಾನಿಗಳು, ಇವರಿಗಾಗಿ ಶ್ರಮಿಸುವುದು ವ್ಯರ್ಥ' ಎಂಬುದು ಒಂದು. 'ಈ ಜನರಿಗೆ ನನ್ನ ವಸ್ತುವಿನಲ್ಲಿ ನಂಬಿಕೆ ಹುಟ್ಟಿಲ್ಲ. ಅದನ್ನು ಹುಟ್ಟಿಸುವ ಬಗೆ ಹೇಗೆ' ಎಂಬುದು ಮತ್ತೊಂದು. ಮೊದಲನೆಯದು ಬರಿಯ ಕೋಪ, ಎರಡನೆಯದು ಸಹನೆ. ಸಹನೆಯೆಂದರೆ ಸುಮ್ಮನೆ ಕುಳಿತಿರುವುದಲ್ಲವೆಂಬುದನ್ನು ಗಮನಿಸಬೇಕು. ರೈತನ ಭಯ ಅವನ ದೃಷ್ಟಿಯಲ್ಲಿ ನ್ಯಾಯವಾದುದೇ ಆಗಿತ್ತು. ಅವನಿಗಿದ್ದುದು ಒಂದೇ ತುಂಡು ನೆಲ. ಅದು ಕೆಟ್ಟರೆ ಅವನ ಸಂಸಾರವೇ ಕೆಟ್ಟಂತೆ. ಕೊಳ್ಳುವವನ ಕಷ್ಟವನ್ನು ಹೀಗೆ ಅವನ ಸ್ಥಾನದಲ್ಲಿ ನಿಂತು ನೋಡಬಲ್ಲವನಿಗೆ ಮಾತ್ರ ಅವನ ಮನಸ್ಸನ್ನು ಗೆಲ್ಲುವುದು ಸಾಧ್ಯ. ಕ್ರಮೇಣ ನೇಗಿಲಿನ ಗುಣವನ್ನು ಕಂಡವರು ಇತರರಿಗೆ ಹೇಳಿದರು; ಬೇಡಿಕೆ ಬೆಳೆಯಿತು.

ಇನ್ನೇನು ಕಷ್ಟಗಳು ಕಳೆದವು ಎನ್ನುವಷ್ಟರಲ್ಲಿ ಮತ್ತೊಂದು ಆಪತ್ತು ಬಂದಿತು. ಊರನ್ನು ವಿಸ್ತರಿಸುವ ಸಲುವಾಗಿ ಕಾರ್ಯಾಗಾರವಿದ್ದ ಸ್ಥಳವನ್ನು ತೆರವು ಮಾಡಬೇಕೆಂದು ಬೆಳಗಾವಿಯ ನಗರಸಭೆ ಆಜ್ಞೆ ಮಾಡಿತು. ಕೂಡಿಟ್ಟುದೆಲ್ಲವೂ ಕೈಬಿಡುವ ಸಮಯ ಅದು. ಆಗ ನೆರವಿಗೆ ಬಂದುದು ಅವರು ಹಿಂದೆ ಮಾಡಿದ್ದ ಒಂದು ಕೆಲಸ. ಔಂಧ್ ಸಂಸ್ಥಾನದ ರಾಜಮನೆತನಕ್ಕಾಗಿ ಅವರು ಒಂದು ಕಟ್ಟಡದ ಕಾಮಗಾರಿಯನ್ನು ವಹಿಸಿಕೊಂಡಿದ್ದರು. ಅವರ ಪ್ರಾಮಾಣಿಕತೆಯನ್ನೂ ದಕ್ಷತೆಯನ್ನೂ ಕಣ್ಣಾರೆ ಕಂಡಿದ್ದ ಔಂಧಿನ ರಾಜರು ಹತ್ತು ಸಾವಿರ ರೂಪಾಯಿಗಳನ್ನು ಬಡ್ಡಿಯಿಲ್ಲದ ಸಾಲವಾಗಿಯೂ, ಕುಂಡಲ್ ರೋಡ್ ರೈಲು ನಿಲ್ದಾಣದ ಹತ್ತಿರ 32 ಎಕರೆಗಳಷ್ಟು ನೆಲವನ್ನೂ ಕೊಟ್ಟರು. ಪಾಪಾಸುಕಳ್ಳಿ ಬೆಳೆದು ಹಾವುಗಳಿಗೆ ಮನೆಯಾಗಿದ್ದ ಬಂಜರು ನೆಲ ಅದು. 1910ರಲ್ಲಿ ಲಕ್ಷ್ಮಣರಾಯರು ಅಲ್ಲಿಗೆ ಹೊರಟಾಗ ಸುಮಾರು 25 ಮಂದಿ ಕೆಲಸಗಾರರು ತಮ್ಮ ಸಂಸಾರಗಳೊಡನೆ ಅವರ ಬೆನ್ನುಹತ್ತಿ ನಡೆದರು. ನೆರಳೂ ಇಲ್ಲದ ಕಾಡಿಗೆ, ನಾಳೆಯ ಭರವಸೆಯಿಲ್ಲದ ಉದ್ಯಮವನ್ನು ನಂಬಿ, ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೋಗುವುದೆಂದರೆ ಸಾಮಾನ್ಯವೇ? ಒಡೆಯನು ತಮ್ಮನ್ನು ನಡುನೀರಿನಲ್ಲಿ ಕೈಬಿಡಲಾರನೆಂಬ ವಿಶ್ವಾಸ ಅವರಿಗಿತ್ತು. ಆ ಕಳ್ಳಿಯ ಕಾಡೇ ಕಿರ್ಲೋಸ್ಕರ್‌ವಾಡಿ ಎಂಬ ಉದ್ಯಮಗ್ರಾಮವಾಯಿತು. ಅಲ್ಲಿ ಅಸ್ಪೃಶ್ಯತೆಯ ಆಚರಣೆಗೆ ಎಡೆಯಿರಲಿಲ್ಲ ಎಂಬುದು ಆ ಕಾಲವನ್ನು ನೆನೆದರೆ ದೊಡ್ಡ ಮಾತು. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್, 1946ರಲ್ಲಿ ಬೆಂಗಳೂರಿನಲ್ಲಿ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಸ್ಥಾಪನೆಯಾಗಿ, ಬೆಳಗಾವಿಯ ಆ ಪುಟ್ಟ ಅಂಗಡಿಯ ಸಂತತಿ ಕನ್ನಡ ನಾಡಿನಲ್ಲಿಯೂ ಹಬ್ಬಿತು. ಲಕ್ಷ್ಮಣರಾಯರು 1956ರಲ್ಲಿ ನಿಧನರಾದರು.

ಒಬ್ಬ ವ್ಯಕ್ತಿಯ ಛಲದ ಕಥೆ ಇದಾದರೆ, ಮುಂಬಯಿಯ ಏಳು ಮಂದಿ ಗೃಹಿಣಿಯರದು ಕೂಡಿ ದುಡಿದವರ ಕಥೆ. 1959ನೆಯ ಇಸವಿ ಮಾರ್ಚ್ 15ರಂದು ಗಿರಗಾಂವ್ ಬಡಾವಣೆಯ ಹಳೆಯ ಕಟ್ಟಡವೊಂದರ ಮಾಳಿಗೆಯ ಮೇಲೆ ಆ ಏಳು ಮಂದಿ ಸೇರಿ ಹಪ್ಪಳ ಒತ್ತಲು ಕುಳಿತರು. ಅವರಲ್ಲಿ ಒಬ್ಬರು ಜಸವಂತಿಬೆನ್ ಪೋಪಟ್. ಅವರ ಬಂಡವಾಳ 80 ರೂಪಾಯಿ. ಅದೂ ಛಗನ್‌ಲಾಲ್ ಪಾರೇಖ್ ಎಂಬ ಸಮಾಜಸೇವಕರಿಂದ ಪಡೆದ ಸಾಲ. ಆ ದಿನ ತಯಾರಾದದ್ದು ನಾಲ್ಕು ಕಟ್ಟು ಹಪ್ಪಳ. ಪರಿಚಯದ ವರ್ತಕನೊಬ್ಬನು ಅವನ್ನು ಕೊಂಡನು. ಲಿಜ್ಜತ್ ಎಂಬ ಹೆಸರು ಅದಕ್ಕೆ ಬಂದದ್ದು ಆಮೇಲೆ.

ಈ ಮಹಿಳೆಯರು ಆರಂಭದಲ್ಲಿಯೇ ಒಂದು ನಿಯಮವನ್ನು ಹಾಕಿಕೊಂಡರು: ನಷ್ಟವೇ ಆದರೂ ಯಾರಿಂದಲೂ ದಾನವನ್ನು ಬೇಡಕೂಡದು. ಮೊದಮೊದಲು ಅವರು ಎರಡು ದರ್ಜೆಯ ಹಪ್ಪಳಗಳನ್ನು ಮಾಡಿ, ಒಂದನ್ನು ಕಡಮೆ ಬೆಲೆಗೆ ಮಾರಲು ಯೋಚಿಸಿದ್ದರು. ಪಾರೇಖರು ಅದನ್ನು ತಡೆದು, ಒಂದೇ ದರ್ಜೆಯ ಉತ್ತಮವಾದ ಹಪ್ಪಳವನ್ನು ಮಾತ್ರ ಮಾಡಬೇಕೆಂದೂ, ಲೆಕ್ಕವನ್ನು ಸರಿಯಾಗಿ ಇಡಬೇಕೆಂದೂ ಬುದ್ಧಿ ಹೇಳಿದರು. ಈ ಸಲಹೆಯ ಬೆಲೆ ಅವರು ಕೊಟ್ಟ 80 ರೂಪಾಯಿಗಳಿಗಿಂತ ಹೆಚ್ಚಿನದು. ಏಕೆಂದರೆ, ಹೆಸರಿಲ್ಲದ ಸಣ್ಣ ಉದ್ಯಮದ ವಸ್ತುವನ್ನು ಕೊಂಡವನು ಒಮ್ಮೆ ನಿರಾಶನಾದರೆ ಮತ್ತೆ ಅತ್ತ ತಿರುಗಿ ನೋಡುವುದಿಲ್ಲ. ದೊಡ್ಡ ಸಂಸ್ಥೆ ಜಾಹೀರಾತು ಮಾಡಿ ಅವನನ್ನು ಹಿಂದಕ್ಕೆ ಕರೆಯಬಹುದು. ಸಣ್ಣ ಸಂಸ್ಥೆಗೆ ವಸ್ತುವಿನ ಗುಣವೇ ಜಾಹೀರಾತು.

ಮೊದಲ ವರ್ಷದ ಮಳೆಗಾಲ ಅವರನ್ನು ಪರೀಕ್ಷಿಸಿತು. ಬಿಸಿಲಿಲ್ಲದೆ ಹಪ್ಪಳ ಒಣಗುವುದೆಲ್ಲಿ? ನಾಲ್ಕು ತಿಂಗಳು ಕೆಲಸ ನಿಂತುಹೋಯಿತು. ಮರುವರ್ಷದ ಮಳೆಗಾಲಕ್ಕೆ ಅವರು ಒಂದು ಮಂಚವನ್ನೂ ಒಂದು ಒಲೆಯನ್ನೂ ಕೊಂಡರು. ಮಂಚದ ಮೇಲೆ ಹಪ್ಪಳ, ಕೆಳಗೆ ಒಲೆ. ಹೊರಗೆ ಎಷ್ಟೇ ಮಳೆ ಸುರಿದರೂ ಹಪ್ಪಳ ಒಣಗಿತು. ದೊಡ್ಡ ವಿಜ್ಞಾನಿಯ ಸಂಶೋಧನೆಯೇನೂ ಇದಲ್ಲ. ಆದರೆ ಕೈಗೆ ಸಿಕ್ಕ ವಸ್ತುಗಳಿಂದಲೇ ಕಷ್ಟಕ್ಕೆ ಪರಿಹಾರ ಕಂಡುಕೊಳ್ಳುವ ಬುದ್ಧಿ, ದುಬಾರಿ ಯಂತ್ರ ಬರಲೆಂದು ಕಾಯದಿರುವ ಚುರುಕುತನ ಇದರಲ್ಲಿದೆ. ದುಡಿಯುವವರೇ ಒಡತಿಯರಾಗಿ ಲಾಭವನ್ನು ಹಂಚಿಕೊಳ್ಳುವ ಆ ಸಂಸ್ಥೆ ಬೆಳೆದು, ಮುಂದೆ 40,000ಕ್ಕೂ ಹೆಚ್ಚು ಮಹಿಳೆಯರಿಗೆ ಅನ್ನದ ದಾರಿಯಾಯಿತು. 2021ರಲ್ಲಿ ಜಸವಂತಿಬೆನ್ ಅವರಿಗೆ ಪದ್ಮಶ್ರೀ ಪ್ರಶಸ್ತಿ ದೊರೆಯಿತು.

'ಹನಿ ಹನಿ ಕೂಡಿದರೆ ಹಳ್ಳ' ಎಂಬುದಕ್ಕೆ ನಮ್ಮ ಉಡುಪಿಯೇ ಸಾಕ್ಷಿ. ಕರಾವಳಿಯ ನೇಕಾರರು ಕೈಮಗ್ಗದ ಕಸುಬು ಕುಸಿದು ಕಂಗೆಟ್ಟಿದ್ದ ಕಾಲದಲ್ಲಿ, ಅವರಿಗೆ ನೆರವಾಗಬೇಕೆಂದು ವರ್ತಕರಾದ ಉಪೇಂದ್ರ ಅನಂತ ಪೈ, ಎಂಜಿನಿಯರರಾದ ವಾಮನ ಕುಡ್ವ ಮತ್ತು ವೈದ್ಯರಾದ ಡಾ. ಟಿ. ಎಂ. ಎ. ಪೈ ಅವರು 1925ರಲ್ಲಿ 8,000 ರೂಪಾಯಿಗಳ ಬಂಡವಾಳದಿಂದ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಎಂಬ ಸಂಸ್ಥೆಯನ್ನು ಕಟ್ಟಿದರು. ಬ್ಯಾಂಕಿಗೆ ಹಣವಿಡುವವರು ಸಿರಿವಂತರು ಎಂಬ ಭಾವನೆ ಆಗ ಇದ್ದಿತು. ಇವರು ಬಡವನ ಮನೆಯ ಬಾಗಿಲಿಗೆ ಹೋದರು. 1928ರಲ್ಲಿ ಆರಂಭವಾದ ಪಿಗ್ಮಿ ಠೇವಣಿಯ ಯೋಜನೆಯಲ್ಲಿ ಬ್ಯಾಂಕಿನ ಪ್ರತಿನಿಧಿ ಪ್ರತಿದಿನವೂ ಮನೆಮನೆಗೆ, ಅಂಗಡಿ ಅಂಗಡಿಗೆ ನಡೆದು, ಎರಡಾಣೆಯಷ್ಟು ಅಲ್ಪ ಮೊತ್ತವನ್ನೂ ಸಂಗ್ರಹಿಸಿ ತರುತ್ತಿದ್ದನು. ಕೊಡುವವನಿಗೆ ಉಳಿತಾಯದ ಅಭ್ಯಾಸವಾಯಿತು. ಪಡೆಯುವ ಸಂಸ್ಥೆಗೆ ಸಾಲ ನೀಡುವ ಶಕ್ತಿ ಬಂದಿತು. ಇದು ಬೆಳೆದು ಸಿಂಡಿಕೇಟ್ ಬ್ಯಾಂಕಾಗಿ, 1969ರಲ್ಲಿ ರಾಷ್ಟ್ರೀಕರಣಗೊಂಡು, 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಇತರರು ಅಲ್ಪವೆಂದು ಕಡೆಗಣಿಸಿದ ಎರಡಾಣೆಯಲ್ಲಿ ಬೆಲೆಯನ್ನು ಕಾಣುವ ಕಣ್ಣು, ಅದಕ್ಕಾಗಿ ದಿನವೂ ನಡೆಯುವ ಕಾಲು, ಇವೆರಡೂ ಆ ಸಾಧನೆಯ ಹಿಂದೆ ಇದ್ದವು.

ಅದೇ ಕರಾವಳಿಯ ಪರಂಪಳ್ಳಿಯಿಂದ ಅಡುಗೆಯ ಕೆಲಸವನ್ನು ಅರಸಿ ಬೆಂಗಳೂರಿಗೆ ಬಂದ ಮಯ್ಯ ಸೋದರರು 1924ರಲ್ಲಿ ಲಾಲ್‌ಬಾಗ್ ಪರಿಸರದಲ್ಲಿ ಒಂದು ಸಣ್ಣ ಉಪಾಹಾರಗೃಹವನ್ನು ತೆರೆದರು. ಇದೇ ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್, ಅಂದರೆ ಎಂ.ಟಿ.ಆರ್. ಎಂದು ಹೆಸರಾಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿ ದುರ್ಲಭವಾದಾಗ, ರವೆಯಿಂದ ಇಡ್ಲಿಯನ್ನು ಮಾಡುವ ಪ್ರಯೋಗ ಅಲ್ಲಿ ನಡೆದು ರವೆ ಇಡ್ಲಿ ಹುಟ್ಟಿತೆಂದು ಪ್ರತೀತಿಯಿದೆ. 1951ರಲ್ಲಿ ಯಜ್ಞನಾರಾಯಣ ಮಯ್ಯರು ಯುರೋಪಿಗೆ ಹೋಗಿ, ಅಲ್ಲಿನ ಉಪಾಹಾರಗೃಹಗಳ ಸ್ವಚ್ಛತೆಯನ್ನು ಕಂಡು ಬಂದು, ಅದನ್ನು ತಮ್ಮಲ್ಲಿಯೂ ಜಾರಿಗೆ ತಂದರು. ತುರ್ತುಪರಿಸ್ಥಿತಿಯ ಕಾಲದಲ್ಲಿ ತಿಂಡಿಗಳ ಬೆಲೆಯನ್ನು ತೀರ ಇಳಿಸಬೇಕೆಂದು ಸರಕಾರದ ಆಜ್ಞೆಯಾದಾಗ, ಗುಣಮಟ್ಟವನ್ನು ಕೆಡಿಸಲು ಅವರು ಒಪ್ಪಲಿಲ್ಲ. ಹೋಟೆಲು ನಡೆಸುವುದು ಕಷ್ಟವಾದಾಗ, ತಿಂಡಿಗಳ ಸಿದ್ಧಮಿಶ್ರಣಗಳನ್ನು ಪೊಟ್ಟಣಗಳಲ್ಲಿ ಮಾರುವ ಹೊಸ ದಾರಿಯನ್ನು ಹಿಡಿದರು. ಇಲ್ಲಿ ಗಮನಿಸಬೇಕಾದ ಗುಣ ಹೊಂದಿಕೊಳ್ಳುವಿಕೆ. ಅವರು ಬದಲಿಸಿದ್ದು ವಸ್ತುವಿನ ರೂಪವನ್ನು, ಮಾರುವ ವಿಧಾನವನ್ನು; ರುಚಿಯನ್ನೂ ಶುಚಿಯನ್ನೂ ಬದಲಿಸಲಿಲ್ಲ. ಏನನ್ನು ಬಿಟ್ಟುಕೊಡಬಹುದು, ಏನನ್ನು ಬಿಟ್ಟುಕೊಡಬಾರದು ಎಂಬ ವಿವೇಕವಿಲ್ಲದಿದ್ದರೆ ಹೊಂದಿಕೊಳ್ಳುವಿಕೆ ಚಂಚಲತೆಯಾಗುತ್ತದೆ, ಛಲ ಹಟಮಾರಿತನವಾಗುತ್ತದೆ.

ಈ ನಾಲ್ಕು ದೃಷ್ಟಾಂತಗಳಲ್ಲಿಯೂ ಸಮಾನವಾಗಿ ಕಾಣುವ ಇನ್ನೊಂದು ಗುಣ ಮಿತವ್ಯಯ. ಮಿತವ್ಯಯವು ಜಿಪುಣತನವಲ್ಲ. ಜಿಪುಣನು ಕೆಲಸಗಾರನ ಕೂಲಿಯಲ್ಲಿ ಕಾಸು ಉಳಿಸುತ್ತಾನೆ, ಸರಕಿನ ಗುಣದಲ್ಲಿ ಕಡಿತ ಮಾಡುತ್ತಾನೆ. ತನ್ನ ಆಡಂಬರಕ್ಕೆ ಮಾತ್ರ ಧಾರಾಳವಾಗಿ ವೆಚ್ಚಮಾಡುವುದೂ ಉಂಟು. ಮಿತವ್ಯಯಿ ತನ್ನ ಸುಖದಲ್ಲಿ ಕಡಿಮೆ ಮಾಡಿಕೊಂಡು, ಬಂದ ಲಾಭವನ್ನು ಮತ್ತೆ ಉದ್ಯಮಕ್ಕೇ ಹಾಕುತ್ತಾನೆ. ಅವನಿಗೆ ಬ್ಯಾಂಕಿನಲ್ಲಿ ಹಣವಿಲ್ಲದಿದ್ದರೂ ಬೆಳೆಯುವ ಶಕ್ತಿ ಇದರಿಂದಲೇ ಬರುತ್ತದೆ. 'ಹಾಸಿಗೆಯಿದ್ದಷ್ಟು ಕಾಲು ಚಾಚು' ಎಂಬ ಮಾತನ್ನು ಅವನು ಅನುಸರಿಸುತ್ತಾನೆ. ಆದರೆ ಹಾಸಿಗೆಯನ್ನು ದೊಡ್ಡದಾಗಿ ನೇಯುವ ಕೆಲಸವನ್ನೂ ಬಿಡುವುದಿಲ್ಲ.

ಇಷ್ಟೆಲ್ಲವನ್ನು ಹೇಳಿದ ಮೇಲೆ ಒಂದು ಎಚ್ಚರಿಕೆಯ ಮಾತನ್ನು ಹೇಳದಿದ್ದರೆ ವಿಷಯಕ್ಕೆ ನ್ಯಾಯವಾಗದು. ಗೆದ್ದವರ ಕಥೆಗಳನ್ನು ಮಾತ್ರ ಓದುವವನು, ಗುಣವಂತರೆಲ್ಲರೂ ಗೆಲ್ಲುವರೆಂದೂ, ಸೋತವರು ಸೋಮಾರಿಗಳೆಂದೂ ತೀರ್ಮಾನಿಸಿಬಿಡುವ ಅಪಾಯವುಂಟು. ಇದು ತಪ್ಪು ಮಾತ್ರವಲ್ಲ, ಕ್ರೂರವೂ ಆದುದು. ಬೆಳಗಾವಿಯ ಕಾರ್ಯಾಗಾರ ಹೋದ ದಿನ ಔಂಧಿನ ರಾಜರ ನೆರವು ಸಿಗದೆ ಹೋಗಿದ್ದರೆ ಲಕ್ಷ್ಮಣರಾಯರ ಗುಣಗಳು ಒಂದಿಷ್ಟೂ ಕಡಮೆಯಾಗುತ್ತಿರಲಿಲ್ಲ. ಆದರೆ ಅವರ ಉದ್ಯಮದ ಗತಿ ಏನಾಗುತ್ತಿತ್ತೋ ಯಾರು ಹೇಳಬಲ್ಲರು? ಅವರಂತೆಯೇ ಪ್ರಾಮಾಣಿಕರಾಗಿ, ಅವರಂತೆಯೇ ಕಷ್ಟಸಹಿಷ್ಣುಗಳಾಗಿ ದುಡಿದು, ಒಂದು ಕ್ಷಾಮದಿಂದಲೋ ಒಂದು ರೋಗದಿಂದಲೋ ಎಲ್ಲವನ್ನೂ ಕಳೆದುಕೊಂಡ ಕುಶಲಕರ್ಮಿಗಳು ನಮ್ಮ ಪ್ರತಿಯೊಂದು ಊರಿನಲ್ಲಿಯೂ ಇದ್ದಾರೆ. ಉಡುಪಿಯ ನೇಕಾರರು ಕಂಗೆಟ್ಟದ್ದು ಅವರಲ್ಲಿ ಗುಣವಿಲ್ಲದೆ ಅಲ್ಲ; ಕಾಲ ಅವರಿಗೆ ವಿರುದ್ಧವಾಗಿತ್ತು. ಅದನ್ನು ಅರಿತವರಿದ್ದುದರಿಂದಲೇ ಆ ಬ್ಯಾಂಕು ಹುಟ್ಟಿತು.

ಆದುದರಿಂದ ಗುಣಗಳು ಗೆಲುವಿನ ಖಾತರಿಪತ್ರಗಳಲ್ಲ. ಅವು ಬಿತ್ತನೆಗೆ ಹದಮಾಡಿದ ಹೊಲದಂತೆ. ಮಳೆ ಬರುವುದು ನಮ್ಮ ಕೈಯಲ್ಲಿಲ್ಲ. ಆದರೆ ಬಂದ ಮಳೆ ಹದಮಾಡಿದ ಹೊಲಕ್ಕೆ ಮಾತ್ರ ಫಲಕೊಡುತ್ತದೆ. ಔಂಧಿನ ರಾಜರು ಕೊಟ್ಟ ಹತ್ತು ಸಾವಿರವನ್ನು ಅಪಾತ್ರನೊಬ್ಬನು ಪಡೆದಿದ್ದರೆ ಅದು ಒಂದು ವರ್ಷದಲ್ಲಿ ಕರಗಿಹೋಗುತ್ತಿತ್ತು. ನೆರವು ನೀಡುವವರಿಗೂ ಇಲ್ಲಿ ಪಾಠವಿದೆ. ಪಾರೇಖರ 80 ರೂಪಾಯಿ, ಔಂಧಿನ ಬಂಜರು ನೆಲ, ಪಿಗ್ಮಿ ಖಾತೆಯ ಎರಡಾಣೆ, ಇವು ಯಾವುವೂ ಭಿಕ್ಷೆಯಾಗಿರಲಿಲ್ಲ. ಮನುಷ್ಯನನ್ನು ನಂಬಿ ಕೊಟ್ಟ ಕೊಡುಗೆಗಳು ಅವು. ಸಮಾಜವು ಹೀಗೆ ನಂಬುವುದನ್ನು ಮರೆತರೆ ಎಷ್ಟೋ ಲಕ್ಷ್ಮಣರಾಯರು ಬೆಳಕಿಗೆ ಬಾರದೆಯೇ ಹೋಗುತ್ತಾರೆ.

ವಿದ್ಯಾರ್ಥಿಗಳಾದ ನಿಮ್ಮಲ್ಲಿ ಕೆಲವರು ಮುಂದೆ ಸ್ವಂತ ಉದ್ಯಮವನ್ನು ಕೈಗೊಳ್ಳಬಹುದು. ಹಲವರು ನೌಕರಿಗೆ ಹೋಗಬಹುದು. ಮತ್ತೆ ಕೆಲವರು ತಂದೆತಾಯಿಯರ ಹೊಲವನ್ನೋ ಅಂಗಡಿಯನ್ನೋ ನೋಡಿಕೊಳ್ಳಬಹುದು. ಯಾವುದಾದರೂ ಸರಿಯೆ, ಇಲ್ಲಿ ಹೇಳಿದ ಗುಣಗಳ ಅಭ್ಯಾಸಕ್ಕೆ ಇಂದೇ ಅವಕಾಶವಿದೆ. ಬಿಡುವಿನಲ್ಲಿ ಒಂದು ಕೈಕೆಲಸವನ್ನು ಕಲಿಯುವುದು, ಮನೆಯ ಖರ್ಚಿನ ಲೆಕ್ಕವನ್ನು ಒಂದು ತಿಂಗಳು ಬರೆದು ನೋಡುವುದು, ಹೇಳಿದ ಹೊತ್ತಿಗೆ ಹೇಳಿದ ಕೆಲಸವನ್ನು ಮುಗಿಸುವುದು, ಪಡೆದ ಪುಸ್ತಕವನ್ನು ಪಡೆದಂತೆಯೇ ಹಿಂದಿರುಗಿಸುವುದು, ಇವಕ್ಕೆ ಒಂದು ಕಾಸೂ ಬೇಡ. ಇಂಥ ಸಣ್ಣ ಸಂಗತಿಗಳನ್ನು ನೋಡಿಯೇ ನಾಳೆ ಜನರು ನಿಮ್ಮ ಕೈಗೆ ದೊಡ್ಡ ಕೆಲಸಗಳನ್ನು ಒಪ್ಪಿಸುವರು. ಅಂದು ನಿಮ್ಮ ಬಳಿ ಹಣ ಹೆಚ್ಚಿರಲಿ, ಕಡಮೆಯಿರಲಿ, ಆ ಕೆಲಸವನ್ನು ಹೊತ್ತು ನಡೆಯುವ ಶಕ್ತಿ ನಿಮ್ಮಲ್ಲಿರುತ್ತದೆ.